ಸಹಾಯ ಬೇಕು: ಹೃದಯದ ಮಾತ್ರೆ ನುಂಗದ ನಮ್ಮ ಚಿನ್ನಿ

ಎಲ್ಲರಿಗೂ ನಮಸ್ಕಾರ. ನಮ್ಮ ಚಿನ್ನಿ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪಾನಿಯಲ್ ತಳಿಯ ನಾಯಿ, 8 ವರ್ಷ, 7 ಕೆ.ಜಿ. ಹೋದ ತಿಂಗಳು ಲಸಿಕೆಗೆಂದು ಕರೆದುಕೊಂಡು ಹೋದಾಗ ಡಾಕ್ಟರಿಗೆ ಎದೆಯಲ್ಲಿ ಮರ್ಮರ (ಹೃದಯ ಬಡಿತದ ಜೊತೆ ಬರುವ ಅಸಹಜ ಸದ್ದು) ಕೇಳಿಸಿತು. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದೆವು. ಹೃದಯದ ಎಡಭಾಗದ ಮೈಟ್ರಲ್ ಕವಾಟ ಸೋರುತ್ತಿದೆ, ಹೃದಯ ದೊಡ್ಡದಾಗಿದೆ. ಈ ತಳಿಯಲ್ಲಿ ಇದು ತುಂಬ ಸಾಮಾನ್ಯ ಅಂತ ಮೊದಲೇ ಗೊತ್ತಿತ್ತು, ಆದರೂ ನಮ್ಮವಳಿಗೇ ಬಂದಾಗ ಕೈಕಾಲೇ ಆಡಲಿಲ್ಲ.

ಪಿಮೊಬೆಂಡಾನ್ ಮಾತ್ರೆ ದಿನಕ್ಕೆ ಎರಡು ಸಲ, ಊಟಕ್ಕೆ ಒಂದು ಗಂಟೆ ಮೊದಲು ಖಾಲಿ ಹೊಟ್ಟೆಯಲ್ಲಿ ಕೊಡಬೇಕಂತೆ. ಕಷ್ಟ ಇರುವುದು ಇಲ್ಲೇ. ಬಾಯಿ ತೆರೆಸಿ ಹಾಕಿದರೆ ನಡುಗುತ್ತಾಳೆ, ಆಮೇಲೆ ಮೂಲೆಗೆ ಹೋಗಿ ಉಗುಳುತ್ತಾಳೆ. ಈಗೀಗ ಡಬ್ಬಿಯ ಸದ್ದು ಕೇಳಿದರೆ ಸಾಕು, ಮಂಚದ ಕೆಳಗೆ. ಸದಾ ತೊಡೆಯ ಮೇಲೇ ಇರುತ್ತಿದ್ದವಳು ನನ್ನಿಂದ ಓಡುವುದನ್ನು ನೋಡಲಾಗುತ್ತಿಲ್ಲ.

ಹೆದರಿಸದೆ ನುಂಗಿಸುವುದು ಹೇಗೆ? ಒಂದು ಚೂರು ತಿಂಡಿಯಲ್ಲಿ ಅಡಗಿಸಿ ಕೊಡುವವರಿದ್ದೀರಾ? ಅದಕ್ಕೆ ನಿಮ್ಮ ಡಾಕ್ಟರ್ ಒಪ್ಪಿದರಾ?

ಇನ್ನೊಂದು ವಿಷಯ. ನಿದ್ದೆಯಲ್ಲಿ ಅವಳ ಉಸಿರು ಎಣಿಸುತ್ತಿದ್ದೇನೆ, ನಿಮಿಷಕ್ಕೆ 22ರಿಂದ 26 ಇದೆ. 30 ದಾಟುತ್ತಲೇ ಇದ್ದರೆ ತಕ್ಷಣ ಫೋನ್ ಮಾಡಿ ಅಂದಿದ್ದಾರೆ. ಕನಸು ಕಂಡು ಕಾಲಾಡಿಸುವಾಗ ಲೆಕ್ಕ ಏರುತ್ತದೆ. ನೀವು ಆ ಹೊತ್ತು ಬಿಟ್ಟು ಎಣಿಸುತ್ತೀರಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.