ಆರ್ಟ್ ಡೈರೆಕ್ಟರ್ ಕೊಟ್ಟ ಸ್ಕೆಚ್ ಕ್ಯಾಮೆರಾದ ಚೌಕಟ್ಟಿಗೆ ಹೊಂದುತ್ತಿಲ್ಲ: ಏನು ಮಾಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಕಾಫಿಪುಡಿ ತಯಾರಕರೊಬ್ಬರ ಪತ್ರಿಕಾ ಜಾಹೀರಾತಿಗೆ ಫೋಟೊ ತೆಗೆಯುವ ಕೆಲಸ ಏಜೆನ್ಸಿಯೊಂದರ ಮೂಲಕ ನನಗೆ ಬಂದಿದೆ. ಜಾಹೀರಾತಿನ ವಿನ್ಯಾಸ ನೋಡಿಕೊಳ್ಳುವ ಅಲ್ಲಿನ ಆರ್ಟ್ ಡೈರೆಕ್ಟರ್ ಪೆನ್ಸಿಲಿನಲ್ಲಿ ಬರೆದ ಸ್ಕೆಚ್ ಕಳುಹಿಸಿದ್ದಾರೆ. ಉದ್ದನೆಯ ಚೌಕಟ್ಟಿನ ಕೆಳಭಾಗದಲ್ಲಿ ಹಿತ್ತಾಳೆಯ ಡಬರಾ, ಅದಕ್ಕೆ ಎರಡು ಅಡಿ ಮೇಲಿನಿಂದ ಲೋಟ ಬಾಗಿಸಿ ಸುರಿಯುತ್ತಿರುವ ಕಾಫಿಯ ಧಾರೆ, ಏಳುತ್ತಿರುವ ಹಬೆ, ಹಿಂದೆ ಸಿಲ್ವರ್ ಓಕ್ ಮರಗಳ ತೋಟ, ಬೆಟ್ಟದ ಸಾಲು, ಅದರ ಮೇಲೆ ಬೆಳ್ಳಗಿನ ಆಕಾಶ ಇವೆ. ಡಬರಾದ ಬಾಯಿ ಅಗಲವಾಗಿ ತೆರೆದು ಒಳಗಿನ ನೊರೆ ಕಾಣುತ್ತದೆ. ದಿಗಂತದ ಗೆರೆ ಮಾತ್ರ ಡಬರಾದ ಅಂಚಿಗೆ ತಾಗಿಕೊಂಡಂತೆ ಹಾದುಹೋಗುತ್ತದೆ.

ಪ್ರಯೋಗ ಮಾಡಿ ನೋಡಿದಾಗ, ಬೆಟ್ಟ ಬರಲೆಂದು ಕ್ಯಾಮೆರಾ ತಗ್ಗಿಸಿದರೆ ಡಬರಾದ ಬಾಯಿ ಬರಿಯ ಗೆರೆಯಾಗುತ್ತದೆ. ನೊರೆ ಕಾಣಲೆಂದು ಎತ್ತರಿಸಿದರೆ ದಿಗಂತ ಮೇಲೇರಿ ಆಕಾಶ ಇಲ್ಲವಾಗುತ್ತದೆ. ಸ್ಕೆಚ್‌ನ ಪ್ರತಿ ಗೆರೆಯನ್ನೂ ಪಾಲಿಸಬೇಕೇ, ಎರಡು ಫೋಟೊ ತೆಗೆದು ಜೋಡಿಸಬೇಕೇ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1

ನಿಮ್ಮ ಸ್ಕೆಚ್‌ನಲ್ಲಿ ಎರಡು ಬೇರೆ ಬೇರೆ ಕಣ್ಣಿನ ಎತ್ತರಗಳಿವೆ. ಕೈಯಿಂದ ಬರೆಯುವವರಿಗೆ ಇದು ಸಹಜ, ಲೆನ್ಸಿಗೆ ಸಾಧ್ಯವಿಲ್ಲ. ಸ್ಕೆಚ್‌ನಲ್ಲಿ ಬರೆದ ಡಬರಾದ ಬಾಯಿಯ ಮೇಲೆ ಅಳತೆಪಟ್ಟಿ ಇಟ್ಟು ಅಡ್ಡಗಲವನ್ನೂ ಮೇಲಿನಿಂದ ಕೆಳಗಿನ ಅಳತೆಯನ್ನೂ ನೋಡಿ. ಅಗಲ 6 ಸೆಂ.ಮೀ. ಇದ್ದು ಇನ್ನೊಂದು 2 ಸೆಂ.ಮೀ. ಇದ್ದರೆ, ಕ್ಯಾಮೆರಾ ಅದನ್ನು ಸುಮಾರು 20 ಡಿಗ್ರಿ ಕೋನದಲ್ಲಿ ಕೆಳಮುಖವಾಗಿ ನೋಡುತ್ತಿದೆ ಎಂದರ್ಥ. ದಿಗಂತವಾದರೋ ಯಾವಾಗಲೂ ಕ್ಯಾಮೆರಾದ ಮಟ್ಟದಲ್ಲೇ ಇರುತ್ತದೆ. ಆದುದರಿಂದ ಅದು ಡಬರಾದ ಅಂಚಿಗೆ ತಾಗಿದ ಕ್ಷಣವೇ ಬಾಯಿ ಮುಚ್ಚಿದಂತೆ ಕಾಣಲೇಬೇಕು.

ಫುಲ್‌ಫ್ರೇಮ್ (36×24 ಮಿ.ಮೀ. ಸೆನ್ಸರ್ ಇರುವ) ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು 50 ಮಿ.ಮೀ. ಲೆನ್ಸ್ ಹಾಕಿದರೆ ಮೇಲಿನಿಂದ ಕೆಳಕ್ಕೆ ಸುಮಾರು 40 ಡಿಗ್ರಿ ನೋಟ ಸಿಗುತ್ತದೆ. ಎರಡು ಅಡಿಯ ಧಾರೆ, ಡಬರಾ, ಲೋಟ ಎಲ್ಲವೂ ಹಿಡಿಸಬೇಕಾದರೆ ನೀವು ಒಂದೂಕಾಲು ಮೀಟರಿನಷ್ಟು ದೂರ ನಿಲ್ಲಬೇಕಾಗುತ್ತದೆ. ಆ ದೂರದಲ್ಲಿ 20 ಡಿಗ್ರಿಯ ಕೋನ ಬರಲು ಕ್ಯಾಮೆರಾ ಡಬರಾದ ಬಾಯಿಗಿಂತ 40 ಸೆಂ.ಮೀ.ಗಿಂತ ತುಸು ಮೇಲಿರಬೇಕು, ದಿಗಂತವೂ ಧಾರೆಯನ್ನು ಅಷ್ಟೇ ಎತ್ತರದಲ್ಲಿ ದಾಟುತ್ತದೆ. 100 ಮಿ.ಮೀ. ಲೆನ್ಸಿನಲ್ಲಿ ಬೆಟ್ಟ ದೊಡ್ಡದಾಗಿ ಬಂದರೂ ಉದ್ದದ ನೋಟವೇ ಒಟ್ಟು 20 ಡಿಗ್ರಿ, ಹಾಗಾಗಿ ಡಬರಾ ಮತ್ತು ದಿಗಂತ ಒಂದೇ ಚೌಕಟ್ಟಿನಲ್ಲಿ ನೆಮ್ಮದಿಯಾಗಿ ಕೂರುವುದಿಲ್ಲ.

ನನ್ನ ಸಲಹೆಯೆಂದರೆ, ತೋಟದೊಳಗೆ ಸಮತಟ್ಟಾದ ಜಾಗ ಹುಡುಕುವ ಬದಲು ಇಳಿಜಾರಿನ ಮೇಲ್ಭಾಗದಲ್ಲಿ ಮೇಜು ಹಾಕಿ ಕಣಿವೆಯ ಕಡೆಗೆ ಕೆಳಮುಖವಾಗಿ ಫೋಟೊ ತೆಗೆಯಿರಿ. ಬಾಯಿಯೂ ತೆರೆಯುತ್ತದೆ, ಹಿಂದೆ ತೋಟವೂ ತುಂಬುತ್ತದೆ. ಆಕಾಶ ಹೋಗುತ್ತದೆ. ಆಕಾಶ ಬೇಕೇಬೇಕೇ ಎಂದು ಮೊದಲು ಕೇಳಿ.

ಉತ್ತರ 2

ನಾನು ಏಜೆನ್ಸಿಯಲ್ಲಿ ಆರ್ಟ್ ಡೈರೆಕ್ಟರ್ ಆಗಿ ಕೆಲಸ ಮಾಡುವವಳು. ಮೇಲಿನ ಕೊನೆಯ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಸ್ಕೆಚ್ ಬರೆಯುವಾಗ ನಮ್ಮ ತಲೆಯಲ್ಲಿ ಹೆಡ್‌ಲೈನ್ ಎಲ್ಲಿ ಕೂರುತ್ತದೆ, ಪೊಟ್ಟಣದ ಚಿತ್ರ ಯಾವ ಮೂಲೆಗೆ ಬರುತ್ತದೆ, ಓದುಗರ ಕಣ್ಣು ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದೇ ಮುಖ್ಯವಾಗಿರುತ್ತದೆ. ನಿಮ್ಮ ವಿವರಣೆ ಓದಿದರೆ ಆ ಬಿಳಿಯ ಆಕಾಶ ಬಹುತೇಕ ಅಕ್ಷರಗಳಿಗೆ ಬಿಟ್ಟ ಜಾಗವೆಂದೇ ನನಗೆ ತೋರುತ್ತದೆ. ಹಾಗಿದ್ದಲ್ಲಿ ನೆರಳಿನಲ್ಲಿರುವ ತೋಟದ ಕಡುಹಸಿರಿನ ಮೇಲೆ ಬಿಳಿಯ ಅಕ್ಷರ ಕೂರಿಸಲು ಅವರು ಒಪ್ಪಬಹುದು.

ಫೋನಿನಲ್ಲಿ ಮಾತಾಡಿ ಬಿಡಬೇಡಿ. ಮೊಬೈಲಿನಲ್ಲಾದರೂ ಸರಿ, ಸ್ಟೀಲಿನ ಡಬರಾ ಇಟ್ಟು ಎರಡು ಕೋನಗಳ ಫೋಟೊ ತೆಗೆದು, ಅದರ ಮೇಲೆ ಹೆಡ್‌ಲೈನಿನ ಜಾಗವನ್ನು ಗುರುತಿಸಿ ಕಳುಹಿಸಿ, ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆಯಿರಿ. ಗ್ರಾಹಕರು ಮೂಲ ಸ್ಕೆಚ್ಚನ್ನು ಈಗಾಗಲೇ ನೋಡಿ ಒಪ್ಪಿರುವುದರಿಂದ, ಬದಲಾವಣೆಯನ್ನು ಅವರಿಗೆ ವಿವರಿಸಬೇಕಾದವರು ಆರ್ಟ್ ಡೈರೆಕ್ಟರೇ ಹೊರತು ನೀವಲ್ಲ. ಆ ಮಾತಿಗೆ ಬೇಕಾದ ಆಧಾರವನ್ನು ಅವರ ಕೈಗೆ ಕೊಡುವುದು ನಿಮ್ಮ ಕೆಲಸ. ಶೂಟಿಂಗ್ ದಿನ ಕ್ಯಾಮೆರಾವನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಕ್ಯಾಪ್ಚರ್ ಒನ್ ಎಂಬ ಫೋಟೊ ತಂತ್ರಾಂಶದ ಓವರ್‌ಲೇ ಸೌಲಭ್ಯದಲ್ಲಿ ಲೇಔಟನ್ನು ಅರೆಪಾರದರ್ಶಕವಾಗಿ ಫೋಟೊದ ಮೇಲೆ ಹಾಸಿಕೊಂಡರೆ ಯಾವ ವಸ್ತು ಎಷ್ಟು ಸರಿದಿದೆ ಎಂಬುದು ಇಬ್ಬರಿಗೂ ಅಲ್ಲೇ ಕಾಣುತ್ತದೆ.

ಉತ್ತರ 3

ಕೋನದ ವಿಚಾರ ಒಪ್ಪುತ್ತೇನೆ. ಆದರೆ ಧಾರೆಯನ್ನು ತೋಟದಲ್ಲೇ ತೆಗೆಯಬೇಕೆಂಬುದನ್ನು ನಾನು ಒಪ್ಪಲಾರೆ. ಎರಡು ಅಡಿ ಬಿದ್ದ ಕಾಫಿ ಡಬರಾ ತಲುಪುವಾಗ ಸೆಕೆಂಡಿಗೆ ಸುಮಾರು ಮೂರೂವರೆ ಮೀಟರ್ ವೇಗದಲ್ಲಿರುತ್ತದೆ. ಸೆಕೆಂಡಿನ 1/1000 ಭಾಗದಲ್ಲೂ ಅದು ಮೂರು ಮಿ.ಮೀ.ಗಿಂತ ಹೆಚ್ಚು ಸರಿದು, ಸಿಡಿಯುವ ಹನಿಗಳೆಲ್ಲ ಕಲಸಿದಂತಾಗುತ್ತವೆ. 1/10,000ದಷ್ಟು ಚಿಕ್ಕ ಫ್ಲ್ಯಾಶ್ ಬೆಳಕು ಸಿಕ್ಕರೆ ಹನಿಗಳು ಮಣಿಗಳಂತೆ ನಿಲ್ಲುತ್ತವೆ. ಕ್ಯಾಮೆರಾದ ಮೇಲೆ ಕೂರಿಸುವಂಥ ಸಣ್ಣ ಫ್ಲ್ಯಾಶ್‌ಗಳಾದ ಸ್ಪೀಡ್‌ಲೈಟ್‌ಗಳನ್ನು ಕಡಿಮೆ ಪವರ್‌ನಲ್ಲಿ ಇಟ್ಟಷ್ಟೂ ಬೆಳಕಿನ ಅವಧಿ ಕಿರಿದಾಗುತ್ತದೆ; ಹಳೆಯ ಮಾದರಿಯ ಅನೇಕ ಸ್ಟುಡಿಯೊ ಲೈಟ್‌ಗಳಲ್ಲಿ ಇದು ತಿರುವುಮುರುವು, ಆದ್ದರಿಂದ ಬಾಡಿಗೆಗೆ ತರುವ ಮುನ್ನ ವಿಚಾರಿಸಿ. ಬಯಲಿನಲ್ಲಿ ಹಗಲು ಬೆಳಕು ಇದರ ಜೊತೆ ಬೆರೆತು ಧಾರೆಯ ಅಂಚಿನಲ್ಲಿ ಮಸುಕು ಬಿಡುತ್ತದೆ.

ಹಬೆಯೂ ಅಷ್ಟೆ. ಅದು ಕಾಣಬೇಕಾದರೆ ಹಿಂದೆ ಕತ್ತಲಿರಬೇಕು, ಬೆಳಕು ಹಿಂಬದಿಯಿಂದ ಬರಬೇಕು. ಸ್ಕೆಚ್‌ನಲ್ಲಿರುವಂತೆ ಬೆಳ್ಳಗಿನ ಆಕಾಶದ ಎದುರು ಅದು ಕಾಣದೇ ಹೋಗುತ್ತದೆ. ನೆರಳು ತುಂಬಿದ ಕಣಿವೆಯನ್ನು ಹಿನ್ನೆಲೆಯಾಗಿ ಆರಿಸಿಕೊಳ್ಳಲು ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ಕಾರಣ. ಸ್ಟುಡಿಯೊದಲ್ಲಿ ಕಪ್ಪು ಬಟ್ಟೆಯ ಮುಂದೆ ತೆಗೆದ ಹಬೆಯನ್ನು ಆಮೇಲೆ ಎಡಿಟಿಂಗ್ ತಂತ್ರಾಂಶದಲ್ಲಿ, ಕಪ್ಪನ್ನು ಮರೆಮಾಡಿ ಬೆಳಕನ್ನಷ್ಟೇ ಉಳಿಸುವ ಸ್ಕ್ರೀನ್ ಮೋಡ್‌ನಲ್ಲಿ ಸಲೀಸಾಗಿ ಕೂಡಿಸಬಹುದು. ತೋಟದ ಫೋಟೊವನ್ನು ಮಾತ್ರ ಅದೇ ಲೆನ್ಸಿನಿಂದ, ಅದೇ ಬಾಗಿನಲ್ಲಿ, ಬೆಳಕು ಅದೇ ದಿಕ್ಕಿನಿಂದ ಬರುವ ಹೊತ್ತಿನಲ್ಲಿ ಮೊದಲೇ ತೆಗೆದುಕೊಂಡು ಬಂದು, ಸ್ಟುಡಿಯೊದ ಬೆಳಕನ್ನು ಅದಕ್ಕೆ ಹೊಂದಿಸಿ. ಸೂರ್ಯನನ್ನು ಸ್ಟುಡಿಯೊಗೆ ಹೊಂದಿಸಲಾಗುವುದಿಲ್ಲ.

ಹಿತ್ತಾಳೆಯಲ್ಲಿ ನಿಮ್ಮ ಅಂಗಿಯೂ ಟ್ರೈಪಾಡೂ ಕಾಣುತ್ತವೆ. ಪ್ರತಿಫಲನ ತಗ್ಗಿಸಲು ಲೆನ್ಸಿಗೆ ಹಾಕುವ ಪೋಲರೈಸರ್ ಫಿಲ್ಟರ್ ಒಂದನ್ನೇ ಹಾಕಿದರೆ ಲೋಹದ ಪ್ರತಿಬಿಂಬ ಹೋಗುವುದಿಲ್ಲ. ಪಕ್ಕದಲ್ಲಿ ದೊಡ್ಡ ಬಟರ್ ಪೇಪರಿನ ಪರದೆ ಕಟ್ಟಿ ಅದರ ಹಿಂದಿನಿಂದ ಬೆಳಕು ಬಿಡಿ, ಡಬರಾದ ಎರಡೂ ಅಂಚಿಗೆ ಕಪ್ಪು ಕಾಗದದ ಪಟ್ಟಿ ನಿಲ್ಲಿಸಿ. ಆಗ ಪಾತ್ರೆಯ ದುಂಡು ಎದ್ದು ಬರುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಮೇಡಂ ಹೇಳಿದಂತೆ ಎರಡು ಕೋನಗಳನ್ನೂ ತೆಗೆದು ಕಳುಹಿಸುತ್ತೇನೆ. ಒಂದು ಸಂದೇಹ ಉಳಿದಿದೆ: ನೊರೆ ಬೇಗ ಇಳಿದುಹೋಗುತ್ತದೆ. ಸೋಪಿನ ನೊರೆ ಬಳಸುವವರೂ ಇದ್ದಾರೆಂದು ಕೇಳಿದ್ದೇನೆ. ಅದು ಸರಿಯೇ?

ಉತ್ತರ 2

ಮಾರುತ್ತಿರುವುದೇ ಕಾಫಿಪುಡಿ ಆದ್ದರಿಂದ ಖಂಡಿತ ಬೇಡ. ಕ್ಯಾಂಬೆಲ್ ಸೂಪ್ ಜಾಹೀರಾತಿನಲ್ಲಿ ಬಟ್ಟಲಿನ ತಳಕ್ಕೆ ಗೋಲಿಗಳನ್ನು ಹಾಕಿ ತರಕಾರಿ ಮೇಲೆ ತೇಲುವಂತೆ ತೋರಿಸಿದ್ದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಕ್ಷೇಪಿಸಿ, 1970ರಲ್ಲಿ ಅದರ ವಿರುದ್ಧ ಆದೇಶವೇ ಹೊರಬಿತ್ತು. ನಮ್ಮಲ್ಲೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ದಂಡವಿದೆ. ಅದೇ ಪುಡಿಯ ಡಿಕಾಕ್ಷನ್ ಹೆಚ್ಚಾಗಿ ಇಳಿಸಿಟ್ಟುಕೊಂಡು, ಗಟ್ಟಿ ಹಾಲು ಬಿಸಿಯಾಗಿರಿಸಿ, ಪ್ರತಿ ಶಾಟ್‌ಗೂ ಹೊಸದಾಗಿ ಬೆರೆಸಿ ಎತ್ತರದಿಂದ ಸುರಿಯಿರಿ. ಫೋಕಸ್ ಮತ್ತು ಬೆಳಕನ್ನು ಹೊಂದಿಸುವಾಗ ಆರಿದ ಕಾಫಿಯೇ ಸಾಕು; ಬಿಸಿ ಕಾಫಿಯನ್ನು ಎಲ್ಲವೂ ಸಿದ್ಧವಾದ ಮೇಲೆ ತರಿಸಿಕೊಳ್ಳಿ.