ಇಬ್ಬರ ದೂರ ಪ್ರಯಾಣಕ್ಕೆ ಬೈಕಿನ ಸೀಟು: ಹಿಂದೆ ಕೂರುವವರಿಗೆ ಏನು ಮಾಡಿಸಬೇಕು?

ತಾಳಗುಪ್ಪ ದಾರಿ ಕೇಳಿದ ಪ್ರಶ್ನೆ

ನಮ್ಮದು 2022ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಊರು ಶಿವಮೊಗ್ಗ. ನನ್ನ ತೂಕ 82 ಕಿಲೋ, ಹೆಂಡತಿಯದು 64. ರಜೆ ಸಿಕ್ಕಿತೆಂದರೆ ಸಾಗರ, ತಾಳಗುಪ್ಪ, ಜೋಗ ದಾಟಿ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ, ಅಲ್ಲಿಂದ ಗೋಕರ್ಣ. ಇಬ್ಬರಿಗೂ ಬಹಳ ಇಷ್ಟವಾದ ದಾರಿ.

ಮುಂದಿನ ಸೀಟಿನಲ್ಲಿ ನನಗೆ ಯಾವ ತೊಂದರೆಯೂ ಇಲ್ಲ. ಹಿಂದೆ ಕೂರುವ ಅವಳಿಗೆ ಮಾತ್ರ ಸಾಗರ ತಲುಪುವಷ್ಟರಲ್ಲಿ ಬೆನ್ನುಮೂಳೆ ಮುಗಿಯುವ ಜಾಗದಲ್ಲಿ ನೋವು ಶುರುವಾಗುತ್ತದೆ. ತಾಳಗುಪ್ಪದ ಹೊತ್ತಿಗೆ ಬಲಗಾಲು ಜೋಮು ಹಿಡಿದಿರುತ್ತದೆ. ಘಟ್ಟ ಇಳಿಯುವಾಗ ಬ್ರೇಕ್ ಹಿಡಿದಾಗಲೆಲ್ಲ ಜಾರಿ ಮುಂದಕ್ಕೆ ಬರುತ್ತಾಳೆ, ಮತ್ತೆ ಕೈಯೂರಿ ಹಿಂದಕ್ಕೆ ಸರಿದುಕೊಳ್ಳಬೇಕು. ನೋವಿದೆ ಎಂದು ಅವಳಾಗಿ ಹೇಳುವುದಿಲ್ಲ. ಚಹಾಕ್ಕೆ ನಿಲ್ಲಿಸಿದಾಗ ಇಳಿಯುವ ರೀತಿಯಲ್ಲೇ ಗೊತ್ತಾಗುತ್ತದೆ.

ಡಿಸೆಂಬರ್‌ನಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ವಿಜಯಪುರದವರೆಗೆ ಹೋಗುವ ಆಸೆಯಿದೆ. ಗೋಳಗುಮ್ಮಟವನ್ನು ನೋಡಬೇಕೆಂಬುದು ಅವಳ ಶಾಲೆಯ ದಿನಗಳ ಕನಸು. ಬಾದಾಮಿಯೇ ಇಲ್ಲಿಂದ ಮುನ್ನೂರು ಕಿಲೋಮೀಟರಿನ ಆಸುಪಾಸು. ಈಗಿನ ಸೀಟಿನಲ್ಲಿ ಅವಳನ್ನು ಅಷ್ಟು ದೂರ ಕೂರಿಸಲು ನನಗೆ ಮನಸ್ಸಿಲ್ಲ.

ಆನ್‌ಲೈನ್‌ನಲ್ಲಿ ತರಿಸಿದ ಜೆಲ್ ಮೆತ್ತೆಯೊಂದನ್ನು ಕಟ್ಟಿ ನೋಡಿದೆವು. ಬಿಸಿಲಿಗೆ ನಿಲ್ಲಿಸಿ ಬಂದರೆ ಕೂರಲಾಗದಷ್ಟು ಕಾಯುತ್ತದೆ, ಪಟ್ಟಿಯೂ ಸಡಿಲವಾಗುತ್ತದೆ. ಈಗ ಕಣ್ಣ ಮುಂದೆ ಮೂರು ದಾರಿಗಳಿವೆ: ಕಂಪನಿಯ ಟೂರಿಂಗ್ ಸೀಟು, ಗಾಳಿ ತುಂಬುವ ಮೆತ್ತೆ, ಇಲ್ಲವೇ ಕುಶನ್ ಅಂಗಡಿಯಲ್ಲಿ ಹೊಸದಾಗಿ ಮಾಡಿಸುವುದು. ಆರು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಹಿಂದೆ ಕೂತು ದೂರ ಹೋಗಿ ಅನುಭವ ಇರುವವರೇ ಹೇಳಿದರೆ ಹೆಚ್ಚು ಸಂತೋಷ.

ಹಿಂಬದಿ ಸವಾರೆ ಉತ್ತರ

ಕೊನೆಯ ಸಾಲು ಓದಿ ಖುಷಿಯಾಯಿತು. ಹಿಂದಿನ ಸೀಟಿನ ಬಗ್ಗೆ ಮುಂದೆ ಕೂರುವವರೇ ತೀರ್ಪು ಕೊಡುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ನಾನು ಬೈಕ್ ಓಡಿಸುವುದಿಲ್ಲ. ಬೆಂಗಳೂರಿನಿಂದ ಮಂಗಳೂರಿಗೆ ಹಾಸನ, ಸಕಲೇಶಪುರ, ಶಿರಾಡಿ ಘಟ್ಟದ ದಾರಿಯಲ್ಲಿ ಗಂಡನ ಹಿಂದೆ ವರ್ಷಗಳಿಂದ ಕೂತು ಹೋಗುತ್ತಿದ್ದೇನೆ. ಮೊದಲು ನಿಮ್ಮದೇ ಬಗೆಯ ಬುಲೆಟ್ ಇತ್ತು, ಈಗ ಹಿಮಾಲಯನ್ 411 ಇದೆ.

ಸೀಟು ಕೊಳ್ಳುವ ಮೊದಲು ನೋವು ಎಲ್ಲಿ ಎಂಬುದನ್ನು ಅವರ ಬಾಯಿಂದಲೇ ಕೇಳಿ. ನೆಟ್ಟಗೆ ಕೂತಾಗ ನಮ್ಮ ಭಾರ ಎಡಕ್ಕೊಂದು ಬಲಕ್ಕೊಂದು ಇರುವ ಎರಡು ಕೂರುವ ಮೂಳೆಗಳ ಮೇಲೆ ಬೀಳಬೇಕು. ಆ ಕೆಲಸಕ್ಕೆಂದೇ ಇರುವ ಮೂಳೆಗಳು ಅವು, ತಡೆದುಕೊಳ್ಳುತ್ತವೆ. ಬೆನ್ನುಮೂಳೆಯ ತುದಿ ಅದಕ್ಕಾಗಿ ಇರುವುದಲ್ಲ. ನೀವು ಹೇಳುವ ಜಾಗ ನೋಡಿದರೆ ಅವರು ಸೊಂಟ ಹಿಂದಕ್ಕೆ ಬಾಗಿಸಿ ಗೂನು ಬೆನ್ನಿನಲ್ಲಿ ಕೂರುತ್ತಿದ್ದಾರೆ. ಯಾರೂ ಬೇಕೆಂದು ಹಾಗೆ ಕೂರುವುದಿಲ್ಲ. ಫುಟ್‌ರೆಸ್ಟಿಗೂ ಸೀಟಿಗೂ ಎತ್ತರದ ಅಂತರ ಕಡಿಮೆಯಾದರೆ ಮಂಡಿ ಮೇಲೇಳುತ್ತದೆ, ಮಂಡಿ ಮೇಲೆದ್ದರೆ ಸೊಂಟ ತಾನಾಗಿ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಮೆತ್ತನೆಯ ಸೀಟಿನಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಕೂತಂತೆ ಕೂತಂತೆ ಕೆಳಗೆ ಇಳಿಯುತ್ತೇವೆ. ಹೀಗಾಗಿ ಮೆತ್ತಗಿರುವುದೆಲ್ಲ ಸುಖ ಎಂದು ನಂಬಬೇಡಿ. ಅಂಗಡಿಯಲ್ಲಿ ಬೆರಳಿನಿಂದ ಒತ್ತಿ ನೋಡಿ ಸೀಟು ಆರಿಸುವುದರಿಂದ ಏನೂ ತಿಳಿಯುವುದಿಲ್ಲ.

ಸುಲಭದ ಪರೀಕ್ಷೆಯೊಂದಿದೆ. ಅಲೆಯಲೆಯಾದ ಒಳಪದರವಿರುವ ರಟ್ಟನ್ನು ಗಟ್ಟಿ ಸ್ಟೂಲಿನ ಮೇಲೆ ಹಾಸಿ, ತೆಳು ಬಟ್ಟೆಯಲ್ಲಿ ಒಂದೆರಡು ನಿಮಿಷ ಅವರನ್ನು ನೆಟ್ಟಗೆ ಕೂರಿಸಿ. ಎದ್ದ ಮೇಲೆ ರಟ್ಟಿನಲ್ಲಿ ಎರಡು ತಗ್ಗುಗಳು ಕಾಣುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. ಸಾಮಾನ್ಯವಾಗಿ ಹೆಂಗಸರಲ್ಲಿ ಈ ಅಂತರ ಗಂಡಸರಿಗಿಂತ ಹೆಚ್ಚು. ಕ್ಲಾಸಿಕ್‌ನ ಹಿಂದಿನ ಸೀಟು ಚಿಕ್ಕದು. ಆ ಎರಡು ಬಿಂದುಗಳು ಸೀಟಿನ ಚಪ್ಪಟೆ ಭಾಗದ ಮೇಲೆ ಕೂರದೆ ಇಳಿಜಾರಾದ ಅಂಚಿನ ಮೇಲೆ ಕೂತರೆ ಭಾರವೆಲ್ಲ ನಡುವಿಗೆ ಬರುತ್ತದೆ.

ಕಾಲು ಜೋಮು ಹಿಡಿಯುವುದಕ್ಕೆ ಬಹುಮಟ್ಟಿಗೆ ಸೀಟಿನ ಅಂಚು ಕಾರಣ. ತೊಡೆಯ ಅಡಿಭಾಗವನ್ನು ಅದು ಒತ್ತುತ್ತಿರುತ್ತದೆ. ಅಂಚನ್ನು ಉರುಟಾಗಿಸಿದರೆ ಹೋಗುತ್ತದೆ. ಆಮೇಲೆಯೂ ಒಂದೇ ಕಾಲು ಜೋಮು ಹಿಡಿಯುತ್ತಿದ್ದರೆ ಸೀಟಿನ ಮೇಲೆ ತಪ್ಪು ಹೊರಿಸದೆ ವೈದ್ಯರಿಗೆ ತೋರಿಸಿ.

ಇನ್ನು ಯಾರೂ ಕೇಳದ ವಿಷಯ, ನನಗೆ ಅತಿ ಮುಖ್ಯವಾದದ್ದು. ಮುಂದೆ ಇರುವವರಿಗೆ ರಸ್ತೆ ಕಾಣುತ್ತದೆ. ಉಬ್ಬು ಬರುವ ಮೊದಲೇ ಕಾಲೂರಿ ಸ್ವಲ್ಪ ಮೇಲೇಳುತ್ತೀರಿ. ಹಿಂದಿನವರಿಗೆ ಕಾಣುವುದು ನಿಮ್ಮ ಹೆಲ್ಮೆಟ್ ಮಾತ್ರ. ಪೆಟ್ಟು ಬಿದ್ದ ಮೇಲೆಯೇ ಅವರಿಗೆ ಗೊತ್ತಾಗುವುದು. ನಮ್ಮಲ್ಲೊಂದು ಒಪ್ಪಂದವಿದೆ: ಉಬ್ಬೋ ಗುಂಡಿಯೋ ಕಂಡರೆ ಅವರು ಎಡಗೈಯಿಂದ ನನ್ನ ಮಂಡಿ ತಟ್ಟುತ್ತಾರೆ, ನಾನು ಪಾದದ ಮೇಲೆ ಭಾರ ಹಾಕಿ ಹಗುರಾಗುತ್ತೇನೆ. ಯಾವ ಸೀಟೂ ಮಾಡದಷ್ಟು ಉಪಕಾರ ಇದು ನನಗೆ ಮಾಡಿದೆ. ನೀವೂ ಮಾಡಿ, ದಯವಿಟ್ಟು.

ಅವರ ಬೆನ್ನಿಗೆ ಬ್ಯಾಗ್ ಹಾಕಿಸುತ್ತಿದ್ದರೆ ಅದನ್ನೂ ತೆಗೆಸಿ, ಆ ಭಾರವೂ ಸೀಟಿನ ಮೇಲೆಯೇ ಇಳಿಯುತ್ತದೆ. ಪಕ್ಕದ ಸ್ಯಾಡಲ್ ಬ್ಯಾಗಿಗೆ ಹಾಕಿ. ದಪ್ಪ ಹೊಲಿಗೆಯ ಜೀನ್ಸ್ ಬೇಡ.

ಮೈಸೂರು ಯೆಜ್ಡಿ ಉತ್ತರ

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1961ರಿಂದ 1996ರವರೆಗೆ ನಮ್ಮ ಊರಿನ ಹೆಮ್ಮೆಯಾಗಿತ್ತು. ಅಲ್ಲಿ ತಯಾರಾದ ಯೆಜ್ಡಿ ರೋಡ್‌ಕಿಂಗ್ ಬೈಕ್ ಈಗಲೂ ನನ್ನ ಮನೆಯಲ್ಲಿ ಓಡುವ ಸ್ಥಿತಿಯಲ್ಲಿದೆ. ಅದರ ಸೀಟು ಉದ್ದಕ್ಕೆ ಒಂದೇ, ಹೆಚ್ಚುಕಡಿಮೆ ಸಮತಟ್ಟು. ಹಿಂದೆ ಕೂತವರು ಒಂದಿಷ್ಟು ಮುಂದಕ್ಕೆ, ಒಂದಿಷ್ಟು ಹಿಂದಕ್ಕೆ ಸರಿಯಬಹುದು. ಜಾಗ ಬದಲಿಸಲು ಅವಕಾಶವಿರುವ ಸೀಟು ಅಚ್ಚುಕಟ್ಟಾಗಿ ಗುಂಡಿ ತೋಡಿದ ಸೀಟಿಗಿಂತ ದೂರಕ್ಕೆ ಒಳ್ಳೆಯದು ಎಂಬುದು ನನ್ನ ದೃಢ ಅಭಿಪ್ರಾಯ. ಎಷ್ಟೇ ಚೆನ್ನಾಗಿದ್ದರೂ ಒಂದೇ ಭಂಗಿಯಲ್ಲಿ ರಕ್ತ ಕಟ್ಟಿಕೊಳ್ಳುತ್ತದೆ.

ಎರಡನೆಯದು ಹಿಂದಿನ ಶಾಕ್ ಅಬ್ಸಾರ್ಬರ್. ಸವಾರ ಎರಡು ಚಕ್ರಗಳ ನಡುವೆ ಕೂರುತ್ತಾನೆ, ಹಿಂಬದಿಯವರು ಬಹುತೇಕ ಹಿಂದಿನ ಚಕ್ರದ ನೆತ್ತಿಯ ಮೇಲೆ. ಚಕ್ರ ಎದ್ದಷ್ಟೂ ಅವರು ಏಳುತ್ತಾರೆ. ನಿಮ್ಮ ಗಾಡಿಯ ಹಿಂದಿನ ಸ್ಪ್ರಿಂಗುಗಳ ಬಿಗಿ ಹೆಚ್ಚುಕಡಿಮೆ ಮಾಡಲು ಆರು ಮೆಟ್ಟಿಲುಗಳ ಹೊಂದಾಣಿಕೆ ಇದೆ. ನಿಮ್ಮಿಬ್ಬರದೇ 146 ಕಿಲೋ, ಮೇಲೆ ಸಾಮಾನು. ಒಬ್ಬರೇ ಓಡಾಡುವ ಮಟ್ಟದಲ್ಲೇ ಇಟ್ಟಿದ್ದರೆ ಸ್ಪ್ರಿಂಗು ಅರ್ಧ ಕುಗ್ಗಿಯೇ ಇರುತ್ತದೆ, ಗುಂಡಿ ಬಂದಾಗ ಕೊನೆ ಮುಟ್ಟಿ ಬಡಿಯುತ್ತದೆ. ಆ ಬಡಿತವನ್ನು ಯಾವ ಫೋಮೂ ನುಂಗಲಾರದು. ಕೊಕ್ಕೆಯಂತಿರುವ ಸ್ಪ್ಯಾನರಿನಿಂದ ಎರಡೂ ಕಡೆ ಸಮನಾಗಿ ಏರಿಸಿ. ಟೈರಿನ ಗಾಳಿಯೂ ಇಬ್ಬರಿಗೆ ಎಂದು ಕೈಪಿಡಿಯಲ್ಲಿ ಬೇರೆಯೇ ಕೊಟ್ಟಿರುತ್ತಾರೆ, ಅಷ್ಟೇ ಹಾಕಿಸಿ. ಸೀಟಿಗೆ ಹಣ ಹಾಕುವ ಮೊದಲು ಇದನ್ನು ಮಾಡಿ.

ರೆಕ್ಸಿನ್ ಸೂಜಿ ಉತ್ತರ

ದಾವಣಗೆರೆಯಲ್ಲಿ ಸೀಟು ಹೊಲಿಯುವ ಕೆಲಸ ನನ್ನದು. ನಮ್ಮ ತಂದೆಯ ಕಾಲದಿಂದ ಇದೇ ಕಸುಬು. ಆಗ ರಬ್ಬರ್ ಹಾಕಿದ ತೆಂಗಿನ ನಾರಿನ ಪದರಗಳನ್ನು ಕತ್ತರಿಸಿ ಕೂರಿಸುತ್ತಿದ್ದರು, ಈಗ ಎಲ್ಲವೂ ಫೋಮು.

ಗಿರಾಕಿಗಳು ಬಂದು ಹೆಚ್ಚು ಡೆನ್ಸಿಟಿಯ ಫೋಮು ಹಾಕಿ ಎನ್ನುತ್ತಾರೆ. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮಿನ ತೂಕ, ಅಷ್ಟೇ. ಅದು ಬಾಳಿಕೆಯನ್ನು ಹೇಳುತ್ತದೆ, ಗಟ್ಟಿತನ ಬೇರೆಯೇ ಲೆಕ್ಕ. ಹೆಚ್ಚು ಡೆನ್ಸಿಟಿ ಇದ್ದೂ ಮೆತ್ತಗಿರುವ ಫೋಮು ಸಿಗುತ್ತದೆ, ಕಡಿಮೆ ಇದ್ದೂ ಗಟ್ಟಿಯಾಗಿರುವುದೂ ಸಿಗುತ್ತದೆ. ಆ ಎರಡನೆಯದು ಅಗ್ಗ. ಮೊದಲ ತಿಂಗಳು ಚೆನ್ನಾಗಿದ್ದು, ಆಮೇಲೆ ಹಳೆಯ ಹತ್ತಿ ಹಾಸಿಗೆಯ ಹಾಗೆ ನಡುವೆ ಗುಂಡಿ ಬೀಳುತ್ತದೆ.

ನಾನು ಮಾಡುವುದು ಹೀಗೆ. ಕೆಳಗೆ ಚೂರುಗಳನ್ನು ಒತ್ತಿ ಕೂಡಿಸಿದ ರೀಬಾಂಡೆಡ್ ಫೋಮು, ಅದು ತಳ ಮುಟ್ಟಗೊಡುವುದಿಲ್ಲ. ಅದರ ಮೇಲೆ ಒತ್ತಿದರೆ ಕೂಡಲೇ ಹಿಂದಿರುಗುವ ಎಚ್‌ಆರ್ ಫೋಮು, ಸುಮಾರು 20 ಮಿಲಿಮೀಟರ್. ಮೆಮೊರಿ ಫೋಮನ್ನು ಬೈಕಿಗೆ ನಾನು ಹಾಕುವುದಿಲ್ಲ. ಶಾಖಕ್ಕೆ ಮೆತ್ತಗಾಗಿ ಚಳಿಗೆ ಬಿಗಿಯುವ ಗುಣ ಅದರದು. ಡಿಸೆಂಬರ್ ಬೆಳಗ್ಗೆ ಬಿಗಿದುಕೊಂಡಿರುತ್ತದೆ, ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿದ್ದರೆ ಸೋತುಹೋಗಿರುತ್ತದೆ. ಗಾಳಿ ಮೆತ್ತೆ ಕೆಟ್ಟದ್ದಲ್ಲ, ಆದರೆ ಜನ ಬಿಗಿಯಾಗಿ ಊದುತ್ತಾರೆ. ಕೂತಾಗ ಸೀಟಿನಿಂದ ಒಂದು ಬೆರಳಿನಷ್ಟು ಮೇಲೆ ತೇಲಿದರೆ ಸಾಕು. ಹೆಚ್ಚಾದರೆ ತಿರುವಿನಲ್ಲಿ ತೂಗಾಡುತ್ತದೆ, ಘಟ್ಟದಲ್ಲಿ ಅದು ನಿಮಗೂ ಒಳ್ಳೆಯದಲ್ಲ.

ಜಾರುವ ತೊಂದರೆಗೆ ಮದ್ದು ಇಳಿಜಾರಿನಲ್ಲಿದೆ. ಸೀಟಿನ ಮುಂಭಾಗವನ್ನು ತುಸು ಏರಿಸಿ, ಕೂರುವ ಜಾಗವನ್ನು ಮಟ್ಟ ಮಾಡಬೇಕು. ಗಾಡಿ ಸ್ಟ್ಯಾಂಡಿನ ಮೇಲಿದ್ದಾಗ ನೋಡಿದ ಮಟ್ಟ ಸುಳ್ಳು. ಇಬ್ಬರೂ ಕೂತು ಸ್ಪ್ರಿಂಗು ಕುಗ್ಗಿದ ಮೇಲೆ ಇರುವುದೇ ನಿಜವಾದ ಮಟ್ಟ. ಹೊದಿಕೆಗೆ ಹೊಳೆಯುವ ರೆಕ್ಸಿನ್ ಬೇಡ, ಮೇಲ್ಮೈ ಒರಟಾಗಿರುವುದನ್ನು ಕೇಳಿ. ಚೌಕಳಿ ಹೊಲಿಗೆ ನೋಡಲು ಚೆಂದ, ಆದರೆ ಕೂರುವ ಮೂಳೆಯ ಕೆಳಗೆ ಹೊಲಿಗೆಯ ಏಣು ಬಂದರೆ ಒತ್ತುತ್ತದೆ, ಸೂಜಿಯ ತೂತಿನಿಂದ ಮಳೆ ನೀರೂ ಇಳಿಯುತ್ತದೆ. ಮಲೆನಾಡಿನಲ್ಲಿ ಒಮ್ಮೆ ನೆನೆದ ಫೋಮು ಮಳೆಗಾಲ ಮುಗಿಯುವವರೆಗೂ ಒಣಗುವುದಿಲ್ಲ. ಮೇಲ್ಭಾಗದಲ್ಲಿ ಹೊಲಿಗೆಯೇ ಬೇಡ, ಒಳಗೊಂದು ಪ್ಲಾಸ್ಟಿಕ್ ಹಾಳೆ ಇರಲಿ.

ಅಗಲ ಮಾಡಿಸಲು ಹೋಗಿ ಹಿಡಿಯನ್ನೂ ಸೀರೆ ಗಾರ್ಡನ್ನೂ ಬಿಚ್ಚಿಸುವವರಿದ್ದಾರೆ. ದಯವಿಟ್ಟು ಬಿಚ್ಚಿಸಬೇಡಿ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂದೆ ಕೂರುವವರಿಗೆ ಹಿಡಿ, ಫುಟ್‌ರೆಸ್ಟ್ ಮತ್ತು ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ರಕ್ಷಣೆ ಇರಲೇಬೇಕು. ಚಕ್ರಕ್ಕೆ ಸೆರಗು, ದುಪಟ್ಟಾ ಸಿಕ್ಕಿಕೊಂಡ ಗಾಡಿಗಳು ನನ್ನ ಅಂಗಡಿಯ ಪಕ್ಕದ ಗ್ಯಾರೇಜಿಗೆ ಬಂದಿವೆ. ಅದನ್ನು ನೋಡಿದ ಮೇಲೆ ಯಾರು ಎಷ್ಟು ಹಣ ಕೊಟ್ಟರೂ ನಾನು ಅದನ್ನು ಬಿಚ್ಚುವುದಿಲ್ಲ.

ತಾಳಗುಪ್ಪ ದಾರಿ ಮರುಪ್ರಶ್ನೆ

ಎಲ್ಲರಿಗೂ ಮನಸಾರೆ ಧನ್ಯವಾದ. ಹಿಂದಿನ ಸ್ಪ್ರಿಂಗುಗಳು ಎರಡನೇ ಮೆಟ್ಟಿಲಿನಲ್ಲಿದ್ದವು. ಐದಕ್ಕೆ ಏರಿಸಿ, ಕೈಪಿಡಿಯಂತೆ ಗಾಳಿ ಹಾಕಿಸಿ ಭಾನುವಾರ ಸಾಗರಕ್ಕೆ ಹೋಗಿ ಬಂದೆವು. ಬಡಿತ ಬಹಳ ಕಡಿಮೆಯಾಗಿದೆ ಎಂದಳು. ಮಂಡಿ ತಟ್ಟುವ ಉಪಾಯ ಅವಳಿಗೆ ಎಲ್ಲಕ್ಕಿಂತ ಹಿಡಿಸಿದೆ. ಆನಂದಪುರ ದಾಟಿದ ಮೇಲೆ ನಾನು ಮರೆತಾಗ ಅವಳೇ ನನ್ನ ಹೆಗಲು ತಟ್ಟಿ ನೆನಪಿಸಿದಳು.

ತುದಿಮೂಳೆಯ ನೋವು ಇನ್ನೂ ಇದೆ, ಸಾಗರದ ಬದಲು ಹಿಂತಿರುಗುವ ದಾರಿಯಲ್ಲಿ ಬಂತು. ರಟ್ಟಿನ ಪರೀಕ್ಷೆಯಲ್ಲಿ ಅಂತರ 13 ಸೆಂಟಿಮೀಟರ್ ಬಂದಿದೆ, ನಮ್ಮ ಸೀಟಿನ ಚಪ್ಪಟೆ ಭಾಗದ ಅಂಚಿಗೇ ಬರುತ್ತದೆ. ಹಾಗಾದರೆ ಹೊಸ ಸೀಟು ಮಾಡಿಸುವುದೇ ಸರಿ ಎಂದುಕೊಂಡಿದ್ದೇವೆ. ರೆಕ್ಸಿನ್ ಸೂಜಿಯವರೇ, ಎರಡು ಭಾಗವಾಗಿಯೇ ಇರಲೋ, ಒಂದೇ ಉದ್ದ ಸೀಟು ಮಾಡಿಸಲೋ? ಎತ್ತರ ಎಷ್ಟು ಏರಿಸಬಹುದು?

ರೆಕ್ಸಿನ್ ಸೂಜಿ ಉತ್ತರ

ಮುಂದಿನ ಸೀಟು ನಿಮಗೆ ಹಿತವಾಗಿದೆ ಎಂದ ಮೇಲೆ ಅದನ್ನು ಮುಟ್ಟಬೇಡಿ. ಹಿಂದಿನದನ್ನು ಮಾತ್ರ ಮಾಡಿಸಿ. ಈಗಿರುವ ಸೀಟನ್ನು ಕತ್ತರಿಸಲು ಕೊಡಬೇಡಿ, ತಳದ ತಟ್ಟೆಯೊಂದನ್ನು ಬೇರೆಯಾಗಿ ಕೊಂಡು ಅದರ ಮೇಲೆ ಕಟ್ಟಿಸಿ. ಹೊಸದು ಹಿಡಿಸದಿದ್ದರೆ ಹಳೆಯದು ಕೈಯಲ್ಲಿರುತ್ತದೆ.

ಎತ್ತರವನ್ನು 25 ಮಿಲಿಮೀಟರ್‌ವರೆಗೆ ಏರಿಸಬಹುದು. ಫುಟ್‌ರೆಸ್ಟ್ ಇದ್ದಲ್ಲೇ ಇರುವುದರಿಂದ ಮಂಡಿ ಅಷ್ಟು ಬಿಚ್ಚಿಕೊಳ್ಳುತ್ತದೆ, ತುದಿಮೂಳೆಯ ಭಾರ ಇಳಿಯುತ್ತದೆ. ಅದಕ್ಕೂ ಮೇಲೆ ಹೋದರೆ ಅವರಿಗೆ ಗಾಳಿ ಎದೆಗೆ ಹೊಡೆಯುತ್ತದೆ, ಹತ್ತಿ ಇಳಿಯುವುದೂ ಕಷ್ಟ. ಚಪ್ಪಟೆ ಭಾಗವನ್ನು 13 ಸೆಂಟಿಮೀಟರಿಗೆ ಎರಡೂ ಕಡೆ ಮೂರು ಮೂರು ಸೆಂಟಿಮೀಟರ್ ಹೆಚ್ಚಿಗೆ ಇಡಲು ಹೇಳಿ, ತೊಡೆ ತಾಗುವ ಅಂಚನ್ನು ಉರುಟು ಮಾಡಿಸಿ. ಹಿಂಬದಿಯಲ್ಲಿ, ತುದಿಮೂಳೆ ಬರುವ ಕಡೆ ಸಣ್ಣ ತಗ್ಗು ಕೊರೆಸಿ.

ಯಾವ ಊರಿನಲ್ಲಿ ಮಾಡಿಸಿದರೂ ಸರಿ, ಅವರನ್ನು ಕರೆದುಕೊಂಡೇ ಹೋಗಿ. ಫೋಮು ಕೊರೆದ ಮೇಲೆ, ಹೊದಿಕೆ ಹೊಲಿಯುವ ಮೊದಲು, ಮೇಲೊಂದು ಬಟ್ಟೆ ಹಾಸಿ ಇಬ್ಬರೂ ಕೂತು ಅರ್ಧ ಗಂಟೆ ಓಡಿಸಿ ಬನ್ನಿ. ಅಂಟು ಪೂರ್ತಿ ಆರಿರಬೇಕು. ಎಲ್ಲಿ ಒತ್ತುತ್ತದೆ ಎಂದು ಅವರು ಬೆರಳಿಟ್ಟು ತೋರಿಸಿದರೆ ಸೀಮೆಸುಣ್ಣದಿಂದ ಗುರುತು ಹಾಕಿ ಮತ್ತೆ ಕೊರೆಯುವುದು ಹತ್ತು ನಿಮಿಷದ ಕೆಲಸ. ಅದಕ್ಕೆ ಒಪ್ಪದ ಅಂಗಡಿಯಾದರೆ ಮುಂದಿನ ಅಂಗಡಿಗೆ ಹೋಗಿ. ಡಿಸೆಂಬರ್‌ಗೆ ಹೊರಡುವುದಾದರೆ ನವೆಂಬರ್ ಮೊದಲ ವಾರದೊಳಗೆ ಮಾಡಿಸಿಬಿಡಿ, ಹೊಸ ಫೋಮು ಮೈಗೆ ಹೊಂದಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಬೇಕಾಗುತ್ತದೆ.