ಗೂಡುಪೆಟ್ಟಿಗೆಗೆ ಇರುವೆ ಬಂತು, ಜೇನು ಬಂತು, ಹಕ್ಕಿ ಮಾತ್ರ ಬರಲಿಲ್ಲ: ಏನು ಮಾಡೋದು?

ಹಿತ್ತಿಲುಮನೆ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಚಿಕ್ಕಮಗಳೂರು ಪೇಟೆ ದಾಟಿ ಆಲ್ದೂರು ಕಡೆ. ಹಿತ್ತಿಲಲ್ಲಿ ಮಾವು, ಹಲಸು, ಬೇಲಿ ಉದ್ದಕ್ಕೂ ಸಿಲ್ವರ್ ಓಕ್. ಅದರಾಚೆ ಪಕ್ಕದವರ ಕಾಫಿ ತೋಟ. ಹಕ್ಕಿಗಳಿಗೇನೂ ಬರ ಇಲ್ಲ.

ಹೋದ ಯುಗಾದಿ ಹೊತ್ತಿಗೆ ಆನ್‌ಲೈನ್‌ನಲ್ಲಿ ಮೂರು ಗೂಡುಪೆಟ್ಟಿಗೆ ತರಿಸಿ ಕಟ್ಟಿದೆವು. ಮಾವಿನ ಮರದ ಪೆಟ್ಟಿಗೆಯಲ್ಲಿ ಚಗಳಿ ಇರುವೆ ತುಂಬಿಕೊಂಡಿದೆ. ಹಲಸಿನ ಮರಕ್ಕೆ ಕಟ್ಟಿದ್ದು ಸ್ವಲ್ಪ ದೊಡ್ಡದು, ಅದರಲ್ಲಿ ಈಗ ತುಡುವೆ ಜೇನು. ಮೂರನೆಯದು ತಾರಸಿಯಲ್ಲಿ, ತಗಡಿನ ಶೀಟ್ ಕೆಳಗೆ ಗೋಡೆಗೆ ಹೊಡೆದದ್ದು. ಅದಕ್ಕೆ ಗೊರವಂಕ ಒಂದೆರಡು ಸಲ ತಲೆ ಹಾಕಿ ನೋಡಿ ಹೋಯಿತು, ಅಷ್ಟೇ. ಪಿಕಳಾರದ ಜೋಡಿಯೊಂದು ಇವು ಯಾವುದನ್ನೂ ಕಣ್ಣೆತ್ತಿ ನೋಡದೆ, ಜಗಲಿಯಲ್ಲಿ ತೂಗುಹಾಕಿದ ಹೂಕುಂಡದಲ್ಲಿ ಗೂಡು ಕಟ್ಟಿ ಕೂತಿದೆ.

ಪೆಟ್ಟಿಗೆ ಸರಿ ಇಲ್ವಾ, ಜಾಗ ಸರಿ ಇಲ್ವಾ? ಪಿಕಳಾರದ ಗೂಡನ್ನು ಮೆಲ್ಲಗೆ ಎತ್ತಿ ಪೆಟ್ಟಿಗೆಯೊಳಗೆ ಇಡಬಹುದಾ ಅಂತ ಮನೆಯಲ್ಲಿ ಕೇಳುತ್ತಿದ್ದಾರೆ.

ತೋಟದಂಚು (ಸಕಲೇಶಪುರ)

ಮೊದಲು ಪಿಕಳಾರದ ವಿಷಯ. ಮುಟ್ಟಬೇಡಿ. ಪಿಕಳಾರ ಬಟ್ಟಲಿನಂಥ ಬಯಲು ಗೂಡು ಕಟ್ಟುವ ಹಕ್ಕಿ, ಪೆಟ್ಟಿಗೆಯೊಳಗೆ ಹೋಗುವ ಜಾತಿಯೇ ಅಲ್ಲ. ಗೂಡು ಎತ್ತಿಟ್ಟರೆ ಬಿಟ್ಟು ಹೋಗುವ ಸಾಧ್ಯತೆಯೇ ಜಾಸ್ತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಹಕ್ಕಿಗಳ ಗೂಡು, ಮೊಟ್ಟೆಗೆ ಕೈ ಹಾಕುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ. ಮೊಟ್ಟೆ ಒಡೆಯಲು ಹನ್ನೆರಡು ದಿನದ ಆಸುಪಾಸು, ಮರಿ ಹಾರಲು ಮತ್ತೆ ಹೆಚ್ಚುಕಡಿಮೆ ಅಷ್ಟೇ. ಅಲ್ಲಿವರೆಗೆ ಕುಂಡಕ್ಕೆ ಅಂಚಿನಿಂದ ಸ್ವಲ್ಪ ಸ್ವಲ್ಪ ನೀರು ಬಿಡಿ, ಮೇಲಿಂದ ಸುರಿಯಬೇಡಿ.

ಉಳಿದದ್ದಕ್ಕೆ ಅಳತೆ ಬೇಕು. ತೂತಿನ ಅಗಲ ಎಷ್ಟು? ಒಳಗಿನ ಅಳತೆ? ಮುಖ ಯಾವ ದಿಕ್ಕಿಗೆ? ಒಳಗೆ ಬಣ್ಣ ಬಳಿದಿದೆಯಾ?

ಹಿತ್ತಿಲುಮನೆ

ಟೇಪು ಹಿಡಿದು ನೋಡಿದೆ. ಮೂರಕ್ಕೂ ತೂತು ಎರಡು ಇಂಚು. ಕೆಳಗೆ ಕೂರಲು ಕಡ್ಡಿ ಇದೆ. ಚಿಕ್ಕವೆರಡು ಒಳಗೆ 15 ಸೆಂ.ಮೀ. ಚೌಕ, 20 ಎತ್ತರ. ಜೇನು ಸೇರಿದ್ದು 20 ಚೌಕ, 30 ಎತ್ತರ. ತಾರಸಿಯದ್ದು ಪಶ್ಚಿಮಕ್ಕೆ ಮುಖ. ಮರದಲ್ಲಿರುವ ಎರಡೂ ತಂತಿಯಲ್ಲಿ ನೇತಾಡುತ್ತಿವೆ, ದಿಕ್ಕು ಅಂತ ಏನಿಲ್ಲ! ಹೊರಗೆ ಕೆಂಪು ಹಳದಿ ಬಣ್ಣ. ಒಳಗೂ ಬಳಿದಿದ್ದಾರೆ.

ತೋಟದಂಚು

ಹಾಗಾದರೆ ವಿಷಯ ಹೆಚ್ಚುಕಡಿಮೆ ಸ್ಪಷ್ಟ. ಅಂಗಡಿಯಲ್ಲಿ ಸಿಗುವ ಪೆಟ್ಟಿಗೆ ನಮ್ಮ ಕಣ್ಣಿಗೆ ಚೆಂದ ಕಾಣಲಿ ಅಂತ ಮಾಡಿದ್ದು. ಯಾವ ಹಕ್ಕಿಗೆ ಅಂತ ಮಾಡಿದವರಿಗೂ ಗೊತ್ತಿರುವುದಿಲ್ಲ. ಮೊದಲು ಹಕ್ಕಿ ಯಾವುದು ಅಂತ ತೀರ್ಮಾನ ಮಾಡಿ. ತೂತು, ಎತ್ತರ, ಜಾಗ ಎಲ್ಲ ಆಮೇಲೆ ತಾನಾಗಿ ಬರುತ್ತದೆ.

ನಮ್ಮ ಕಡೆ ಹಿತ್ತಿಲಿಗೆ ಬರುವ ಹಕ್ಕಿಗಳಲ್ಲಿ ಮುಕ್ಕಾಲು ಪಾಲಿಗೆ ಪೆಟ್ಟಿಗೆಯೇ ಬೇಡ. ಪಿಕಳಾರಕ್ಕೆ ಪೊದೆ ಸಾಕು. ಸೂರಕ್ಕಿ ಜೋತಾಡುವ ಚೀಲ ನೇಯುತ್ತದೆ. ಟುವ್ವಿ ಹಕ್ಕಿ ಎಲೆ ಹೊಲಿದುಕೊಳ್ಳುತ್ತದೆ. ರಾಟವಾಳ ಹುಲ್ಲಿನ ಉಂಡೆ ಕಟ್ಟುತ್ತದೆ. ಕುಟ್ರು ಹಕ್ಕಿ, ಮರಕುಟಿಕ ತಮ್ಮ ಪೊಟರೆಯನ್ನು ತಾವೇ ಕೊರೆಯುತ್ತವೆ. ಪೆಟ್ಟಿಗೆ ಬೇಕಾಗುವುದು ಪೊಟರೆಯಲ್ಲೇ ಗೂಡು ಮಾಡುವ, ಆದರೆ ಕೊರೆಯಲು ಬಾರದ ಹಕ್ಕಿಗಳಿಗೆ. ಅಂದರೆ ನಿಮ್ಮಲ್ಲಿ ಮುಖ್ಯವಾಗಿ ಎರಡು: ಚೇಕಡಿ (ಗುಬ್ಬಿ ಗಾತ್ರದ, ಕಪ್ಪು ತಲೆ, ಬಿಳಿ ಕೆನ್ನೆಯ ಹಕ್ಕಿ) ಮತ್ತು ಮಡಿವಾಳ (ಕಪ್ಪು ಬಿಳಿ ಬಣ್ಣದ ಹಾಡುಹಕ್ಕಿ). ಗೊರವಂಕವೂ ಇದೆ, ಆದರೆ ಅದಕ್ಕೆ ನಮ್ಮ ಸಹಾಯ ಬೇಕಿಲ್ಲ. ಹಾಲಕ್ಕಿಯೂ (ಚಿಕ್ಕ ಗೂಬೆ) ಬರುತ್ತದೆ, ಅದಕ್ಕೆ ನಾಲ್ಕು ಇಂಚಿನ ಬಾಯಿ ಬೇಕು, ಆ ಕತೆಯೇ ಬೇರೆ.

ಚೇಕಡಿಗೆ ತೂತು 30 ಮಿ.ಮೀ. ಸುತ್ತಮುತ್ತ ಇರಬೇಕು. ಎರಡು ಇಂಚು ಅಂದರೆ 50 ಮಿ.ಮೀ., ಅದರಲ್ಲಿ ಗೊರವಂಕ, ಅಳಿಲು ಎಲ್ಲ ನುಗ್ಗುತ್ತವೆ. ಚೇಕಡಿ ಅಂಥ ಕಡೆ ಧೈರ್ಯ ಮಾಡುವುದಿಲ್ಲ. ಒಳಗೆ ತಳ 12 ಸೆಂ.ಮೀ. ಚೌಕ ಇದ್ದರೆ ಸಾಕು. ತೂತಿನಿಂದ ತಳಕ್ಕೆ 12ರಿಂದ 15 ಸೆಂ.ಮೀ. ಆಳ ಇರಲಿ. ಬೆಕ್ಕು ಕೈ ಹಾಕಿದರೂ ಮರಿ ಸಿಗಬಾರದು. ಮಡಿವಾಳಕ್ಕೆ ನಿಮ್ಮ ಎರಡು ಇಂಚಿನ ತೂತೇ ಸರಿ. ಅದು ಪೆಟ್ಟಿಗೆಗೆ ಬೇಗ ಒಗ್ಗುವ ಹಕ್ಕಿ. ಎರಡು, ಎರಡೂವರೆ ಮೀಟರ್ ಎತ್ತರ, ನೆರಳು, ಹತ್ತಿರದಲ್ಲಿ ಗಿಡಗಂಟೆ ಇದ್ದರೆ ಚೆನ್ನ. ಪೆಟ್ಟಿಗೆಯನ್ನು ಬಯಲಿನಲ್ಲಿ ಮೇಲೆ ಎತ್ತಿ ಕಟ್ಟಿದಷ್ಟೂ ಗೊರವಂಕಕ್ಕೆ ಅನುಕೂಲ, ಇದು ನಾನು ನೋಡಿದ್ದು.

ಜೇನಿನ ಪೆಟ್ಟಿಗೆ ಲೆಕ್ಕ ಹಾಕಿ: 20, 20, 30 ಗುಣಿಸಿದರೆ 12 ಲೀಟರ್. ತುಡುವೆಗೆ ಅದು ಹೇಳಿ ಮಾಡಿಸಿದ ಮನೆ. ಜೇನು ಪಾಲಾಗಿ ಹೊಸ ಮನೆ ಹುಡುಕುವ ಕಾಲದಲ್ಲಿ ಇಷ್ಟು ದೊಡ್ಡ, ಒಣ, ಕತ್ತಲೆ ಪೊಟರೆ ಸಿಕ್ಕರೆ ಬಿಡುತ್ತದೆಯೇ? ಚೇಕಡಿಯ ಅಳತೆಯಲ್ಲಿ ಮಾಡಿದರೆ ಸುಮಾರು ಮೂರು ಲೀಟರ್ ಆಗುತ್ತದೆ, ಅಷ್ಟು ಚಿಕ್ಕದಕ್ಕೆ ಜೇನು ಬರುವುದು ಕಡಿಮೆ. ಈಗ ಸೇರಿರುವುದನ್ನು ಹೊಗೆ ಹಾಕಿ ಓಡಿಸಬೇಡಿ. ಊರಲ್ಲಿ ಜೇನು ಸಾಕುವವರಿಗೆ ಹೇಳಿ, ಎರಿ ಸಮೇತ ಜೇನುಪೆಟ್ಟಿಗೆಗೆ ವರ್ಗ ಮಾಡಿಕೊಡುತ್ತಾರೆ. ಕಾಫಿ ಹೂವು ಬರುವ ಹೊತ್ತಿಗೆ ನಿಮಗೆ ಅದೇ ಲಾಭ.

ಉಳಿಬಾಚಿ (ಬೇಲೂರು)

ತೂತು ದೊಡ್ಡದಾಯಿತು ಅಂತ ಪೆಟ್ಟಿಗೆ ಬಿಸಾಡಬೇಕಿಲ್ಲ. ಅಂಗೈ ಅಗಲದ ಹಲಗೆ ಅಥವಾ ತಗಡಿನ ತುಂಡಿಗೆ 30 ಮಿ.ಮೀ. ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸ) ಹಾಕಿ ತೂತು ತೆಗೆಯಿರಿ. ಹಳೆ ತೂತಿನ ಮೇಲೆ ಅದನ್ನು ನಾಲ್ಕು ಸ್ಕ್ರೂ ಹಾಕಿ ಕೂರಿಸಿ. ತಗಡಾದರೆ ಅಂಚನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿ, ಇಲ್ಲದಿದ್ದರೆ ರೆಕ್ಕೆಗೆ ಗೀರುತ್ತದೆ. ಅಳಿಲು ಕಡಿದು ತೂತು ದೊಡ್ಡದು ಮಾಡುವುದೂ ತಪ್ಪುತ್ತದೆ.

ಕೂರುವ ಕಡ್ಡಿಯನ್ನು ಮೊದಲು ಕತ್ತರಿಸಿ. ಚೇಕಡಿಗೆ, ಗುಬ್ಬಿಗೆ, ಮಡಿವಾಳಕ್ಕೆ ಅದು ಬೇಕಿಲ್ಲ. ಹೊರಗಿನವರು ಬಂದು ಕೂತು ಒಳಗೆ ಇಣುಕಲು ಮಾತ್ರ ಅನುಕೂಲ. ಒಳಗಿನ ಬಣ್ಣವನ್ನು ಉಪ್ಪುಕಾಗದದಿಂದ ಕೆರೆದು ತೆಗೆಯಿರಿ. ಮುಂದಿನ ಹಲಗೆಯ ಒಳಮೈಯನ್ನು ಉಳಿಯಿಂದ ಅಡ್ಡಡ್ಡ ಗೀರಿ ಒರಟು ಮಾಡಿ. ಹಾರಲು ಹೊರಟ ಮರಿ ಅದನ್ನು ಹಿಡಿದೇ ಮೇಲೆ ಹತ್ತಬೇಕು, ನುಣ್ಣಗಿದ್ದರೆ ಜಾರುತ್ತದೆ. ತಳದಲ್ಲಿ ನಾಲ್ಕು ಚಿಕ್ಕ ತೂತು, 5 ಮಿ.ಮೀ.ನದು, ನೀರು ಇಳಿಯಲು. ಮೇಲೆ ಮಾಡಿನ ಕೆಳಗೆ ಎರಡು ತೂತು, ಗಾಳಿಗೆ. ಮಾಡು ಮುಂದಕ್ಕೆ ಎರಡು ಇಂಚು ಚಾಚಿರಲಿ.

ಹೊಸದು ಮಾಡಿಸುವುದಾದರೆ 18ರಿಂದ 20 ಮಿ.ಮೀ. ದಪ್ಪದ ಹಲಗೆ ತಗೊಳ್ಳಿ. ಸಿಲ್ವರ್ ಓಕ್ ನಮ್ಮಲ್ಲಿ ಸುಲಭಕ್ಕೆ ಸಿಗುತ್ತದೆ, ಕೆಲಸಕ್ಕೂ ಹಗುರ. ಆದರೆ ಮಳೆಗೆ ಬಿಟ್ಟರೆ ಬಾಳಿಕೆ ಕಡಿಮೆ. ಸೂರಿನ ಕೆಳಗಾದರೆ ನಡೆಯುತ್ತದೆ. ಹಲಸಿನ ಹಳೆ ರೀಪರ್, ಬಾಗಿಲು ತುಂಡು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೆ ಬೇಡ. ಸಾದಾ ಪ್ಲೈವುಡ್ ಬೇಡವೇ ಬೇಡ, ಒಂದು ಆಷಾಢಕ್ಕೆ ಹಪ್ಪಳದ ಹಾಗೆ ಏಳುತ್ತದೆ. ಒಂದು ಪಕ್ಕದ ಹಲಗೆಗೆ ಕೀಲು ಇಟ್ಟು ತೆಗೆಯುವ ಹಾಗೆ ಮಾಡಿಸಿ. ಶುಚಿ ಮಾಡಲು ಆಗದ ಪೆಟ್ಟಿಗೆ ಎರಡನೇ ವರ್ಷಕ್ಕೆ ಹೇನಿನ ಗೂಡು.

ದಿಕ್ಕು ಈಶಾನ್ಯ ಇರಲಿ. ಮುಂಗಾರಿನ ಎರಚಲು ಹೊಡೆಯುವುದು ನೈಋತ್ಯದಿಂದ.

ತೋಟದಂಚು

ಉಳಿಬಾಚಿಯವರ ದಿಕ್ಕು ಸರಿ, ಕಾರಣ ಪೂರ್ತಿ ಅಲ್ಲ. ಜೂನ್‌ನ ಮಳೆ ಜೋರಾಗುವ ಹೊತ್ತಿಗೆ ಇವುಗಳ ಸಂಸಾರ ಬಹುಪಾಲು ಮುಗಿದಿರುತ್ತದೆ. ಚೇಕಡಿ ಫೆಬ್ರುವರಿಯಿಂದ ಮೇ, ಮಡಿವಾಳ ಮಾರ್ಚ್‌ನಿಂದ ಜೂನ್, ಜುಲೈವರೆಗೂ. ಗೂಡಲ್ಲಿ ಮರಿ ಇರುವಾಗ ಕಾಡುವುದು ಎರಡು: ಏಪ್ರಿಲ್‌ನ ಮಧ್ಯಾಹ್ನ ಮೂರು ಗಂಟೆಯ ಬಿಸಿಲು, ಆಮೇಲೆ ಗುಡುಗಿನ ಜೊತೆ ಬರುವ ಮಳೆ. ಆ ಮಳೆಗೆ ದಿಕ್ಕಿಲ್ಲ, ಗಾಳಿ ಎಲ್ಲಿಂದ ತಿರುಗಿತೋ ಅಲ್ಲಿಂದ. ಅದಕ್ಕೇ ಬರೀ ದಿಕ್ಕು ನಂಬಬಾರದು. ಪೂರ್ವಕ್ಕೋ ಈಶಾನ್ಯಕ್ಕೋ ಮುಖ ಮಾಡಿ, ಜೊತೆಗೆ ಪೆಟ್ಟಿಗೆಯನ್ನು ಒಂಚೂರು ಮುಂದಕ್ಕೆ ಬಾಗಿಸಿ ಹೊಡೆಯಿರಿ. ತಾರಸಿಯ ತಗಡಿನ ಕೆಳಗೆ, ಪಶ್ಚಿಮಕ್ಕೆ ಮುಖ ಅಂದರೆ ಅದು ಒಲೆ. ಯಾವ ಹಕ್ಕಿಯೂ ಕಾವು ಕೂರುವುದಿಲ್ಲ. ಅದನ್ನು ಇವತ್ತೇ ತೆಗೆಯಿರಿ.

ಗುಬ್ಬಿಗೂಡು (ಹಾಸನ)

ಗುಬ್ಬಿ ವಿಷಯ ಯಾರೂ ಎತ್ತಲಿಲ್ಲ! ಹಾಸನದಲ್ಲಿ ನಮ್ಮ ಬೀದಿಯಲ್ಲಿ ಹಂಚಿನ ಮನೆಗಳು ಹೋಗಿ ಕಾಂಕ್ರೀಟ್ ಬಂದ ಮೇಲೆ ಗುಬ್ಬಿಗೆ ಸಂದಿಯೇ ಇಲ್ಲ. ನಾನು ಮಡಿಕೆ ಕಟ್ಟುತ್ತೇನೆ. ಕುಂಬಾರರಿಗೆ ಹೇಳಿ, ಸುಡುವ ಮುಂಚೆಯೇ ಪಕ್ಕದಲ್ಲಿ ಒಂದೂಕಾಲು ಇಂಚಿನ ತೂತು ಮಾಡಿಸಿದ್ದು. ಮರಕ್ಕಿಂತ ತಂಪು, ಅಗ್ಗ. ಗುಬ್ಬಿ ಗುಂಪಿನ ಹಕ್ಕಿ, ಆದ್ದರಿಂದ ಎರಡು ಮೂರು ಮಡಿಕೆ ಹತ್ತಿರ ಹತ್ತಿರವೇ ಇರಲಿ. ಚಿಕ್ಕಮಗಳೂರಿನವರೂ ಇದನ್ನೇ ಮಾಡಬಹುದಲ್ವಾ?

ಉಳಿಬಾಚಿ

ಮಡಿಕೆ ಸೂರಿನ ಕೆಳಗೆ ಮಾತ್ರ. ಮರಕ್ಕೆ ಕಟ್ಟಿದರೆ ಕೋತಿ ಒಂದೇ ದಿನ ಬಿಡುತ್ತದೆ. ಶುಚಿ ಮಾಡಲು ಕೈ ಹೋಗುವ ಹಾಗೆ ಬಾಯಿಗೆ ತೆಗೆಯುವ ಮುಚ್ಚಳ ಬೇಕು.

ತೋಟದಂಚು

ಗುಬ್ಬಿ ಇರುವ ಕಡೆ ಮಡಿಕೆ ಒಳ್ಳೆಯದೇ. ಆದರೆ ಪೆಟ್ಟಿಗೆ ಇಟ್ಟ ಮಾತ್ರಕ್ಕೆ ಗುಬ್ಬಿ ಹುಟ್ಟುವುದಿಲ್ಲ. ಪ್ರತಿ ಮಾರ್ಚ್ 20ಕ್ಕೆ, ವಿಶ್ವ ಗುಬ್ಬಚ್ಚಿ ದಿನ ಅಂತ, ರಟ್ಟಿನ ಡಬ್ಬ ಹಂಚುತ್ತಾರೆ. ಸುತ್ತ ಗುಬ್ಬಿಯೇ ಇಲ್ಲದ ಕಡೆ ಅದನ್ನು ಕಟ್ಟಿ ಏನು ಬಂತು? ಕಾಳು ಸಿಗುವ ಅಂಗಡಿ ಸಾಲು, ಅಕ್ಕಿ ಗಿರಣಿ, ಸಂತೆ ಮೈದಾನ, ದನದ ಕೊಟ್ಟಿಗೆ, ಇವುಗಳ ಅಕ್ಕಪಕ್ಕ ಗುಬ್ಬಿ ಈಗಲೂ ಇದೆ. ಹಾಸನ, ಅರಸೀಕೆರೆ, ಕಡೂರು ಕಡೆ ಮಡಿಕೆ ಕಟ್ಟಿ, ಖಂಡಿತ ಬರುತ್ತದೆ. ಆಲ್ದೂರು ಕಡೆಯ ಕಾಫಿ ತೋಟದ ಅಂಚಿನಲ್ಲಿ ಸುಮ್ನೆ ಕಾಯಬೇಕು.

ಹಿತ್ತಿಲುಮನೆ

ನಮ್ಮಲ್ಲಿ ಗುಬ್ಬಿ ಇಲ್ಲ, ನಿಜ. ಚೇಕಡಿ, ಮಡಿವಾಳ ಎರಡೂ ದಿನಾ ಬರುತ್ತವೆ. ಚಗಳಿಗೆ ಏನು ಮಾಡಲಿ? ಯಾರೋ ಔಷಧಿ ಹೊಡೆಯಿರಿ ಅಂದರು.

ತೋಟದಂಚು

ಔಷಧಿ ಬೇಡ. ಚೇಕಡಿ ಮರಿಗಳಿಗೆ ತಿನ್ನಿಸುವುದೇ ಕಂಬಳಿಹುಳು, ಎಲೆಹುಳು. ಅದೇ ಮರಕ್ಕೆ ವಿಷ ಹೊಡೆದು ಪೆಟ್ಟಿಗೆ ಕಟ್ಟುವುದು ಊಟಕ್ಕೆ ಕರೆದು ಬಾಗಿಲು ಹಾಕಿದ ಹಾಗೆ. ಚಗಳಿ ಗೂಡಿರುವ ಮಾವನ್ನು ಚಗಳಿಗೇ ಬಿಟ್ಟುಬಿಡಿ. ಚಟ್ನಿ ಮಾಡುವವರು ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಪೆಟ್ಟಿಗೆಯನ್ನು ಸಿಲ್ವರ್ ಓಕ್‌ಗೆ ಬದಲಿಸಿ. ಕೊಂಬೆ, ಬಳ್ಳಿ ಯಾವುದೂ ಪೆಟ್ಟಿಗೆಗೆ ತಾಗದ ಹಾಗೆ ಸವರಿ. ಮೆಣಸಿನ ಬಳ್ಳಿ ಹಬ್ಬಿದ ಕಾಂಡ ಬೇಡ, ಇರುವೆಗೂ ಕೇರೆ ಹಾವಿಗೂ ಅದೇ ಏಣಿ.

ಇನ್ನೊಂದು ಮಾತು. ಬೇಲಿಯಲ್ಲಿ ಒಣಗಿದ ಹಾಲವಾಣವೋ ತುದಿ ಸತ್ತ ಸಿಲ್ವರ್ ಓಕೋ ಇದ್ದರೆ, ಮನೆ ಮೇಲೆ ಬೀಳುವ ಭಯ ಇಲ್ಲದಿದ್ದರೆ ಕಡಿಯಬೇಡಿ. ಮೆತ್ತಗಾದ ಒಣಕೊಂಬೆಯಲ್ಲಿ ಕುಟ್ರು ಪೊಟರೆ ಕೊರೆಯುತ್ತದೆ. ಅದು ಬಿಟ್ಟುಹೋದ ಮೇಲೆ ಬೇರೆ ಹಕ್ಕಿಗಳು ಸೇರಿಕೊಳ್ಳುತ್ತವೆ. ನಾವು ತೋಟ ಅಚ್ಚುಕಟ್ಟು ಮಾಡುತ್ತೇವೆ ಅಂತ ಒಣಮರ ಎಲ್ಲ ಸೌದೆಗೆ ಹಾಕಿ, ಆಮೇಲೆ ಆನ್‌ಲೈನ್‌ನಲ್ಲಿ ಪೊಟರೆ ತರಿಸುತ್ತೇವೆ. ನನ್ನನ್ನು ಕೇಳಿದರೆ ಹತ್ತು ಪೆಟ್ಟಿಗೆಗಿಂತ ಒಂದು ಒಣಮರ ಮೇಲು.

ಹಿತ್ತಿಲುಮನೆ

ಏಪ್ರಿಲ್ ವರದಿ. ಜೇನನ್ನು ವರ್ಗ ಮಾಡಿಸಿದೆವು. ತಾರಸಿಯಿಂದ ತೆಗೆದ ಪೆಟ್ಟಿಗೆಯ ಕಡ್ಡಿ ಕತ್ತರಿಸಿ, ಬಣ್ಣ ಕೆರೆದು, ಹಿಂಬಾಗಿಲ ಸೂರಿನ ಕೆಳಗೆ ಪೂರ್ವಕ್ಕೆ ಮುಖ ಮಾಡಿ ಹೊಡೆದೆವು. ಅದರಲ್ಲಿ ಮಡಿವಾಳ! ಹೆಣ್ಣು ಬೇರುನಾರು ಹೊತ್ತುಕೊಂಡು ಹೋಗುತ್ತಿತ್ತು, ಈಗ ಕಾವು ಕೂತಿದೆ. ಗಂಡು ಬೆಳಗಿನ ಜಾವ ಎಬ್ಬಿಸುತ್ತದೆ, ಮನೆಯಲ್ಲಿ ಒಬ್ಬರಿಗೆ ನಿದ್ದೆ ಇಲ್ಲ. ಸಿಲ್ವರ್ ಓಕ್‌ನ ಪೆಟ್ಟಿಗೆಗೆ 30 ಮಿ.ಮೀ. ತಗಡು ಹಾಕಿಸಿದ್ದೆವು. ಚೇಕಡಿ ಬಂದು ನೋಡುತ್ತಿತ್ತು, ಅಷ್ಟರಲ್ಲಿ ಕೋತಿ ತಂತಿ ಸಮೇತ ಕಿತ್ತು ಹಾಕಿತು. ಮತ್ತೆ ಕಟ್ಟಲೇ, ಮುಂದಿನ ವರ್ಷಕ್ಕೆ ಇಡಲೇ?

ಉಳಿಬಾಚಿ

ಈಗಲೇ ಹಾಕಿ, ಮೇ ಇನ್ನೂ ಇದೆ. ತಂತಿ ಬೇಡ. ಪೆಟ್ಟಿಗೆ ಹಿಂದೆ ಉದ್ದದ ಪಟ್ಟಿ ಕೊಟ್ಟು, ಮೇಲೊಂದು ಕೆಳಗೊಂದು ಬೋಲ್ಟ್ ಹಾಕಿ ಗಟ್ಟಿ ಕೂರಿಸಿ. ಜೋತಾಡುವುದು ಕೋತಿಗೆ ಆಟದ ಸಾಮಾನು. ಮರಕ್ಕೆ ಬೋಲ್ಟ್ ಬೇಡ ಅಂದರೆ ಶೆಡ್ಡಿನ ಕಂಬಕ್ಕೆ ಹಾಕಿ, ಚೇಕಡಿಗೆ ಭೇದವಿಲ್ಲ.

ತೋಟದಂಚು

ಮಡಿವಾಳದ ಪೆಟ್ಟಿಗೆ ತೆರೆದು ನೋಡುವ ಆಸೆ ಬೇಡ, ದೂರದಿಂದ ನೋಡಿ. ಚೇಕಡಿಯದ್ದೂ ಅಷ್ಟೇ. ಕಾವು ಕೂತ ಚೇಕಡಿ ಒಳಗಿಂದ ಹಾವಿನ ಹಾಗೆ ಬುಸ್ ಅನ್ನುತ್ತದೆ, ಏಣಿ ಮೇಲಿದ್ದವರು ಬಿದ್ದುಬಿಟ್ಟೀರಿ! ಹಿಂಬಾಗಿಲ ಹತ್ತಿರ ಬೆಕ್ಕು ಹತ್ತುವಂಥ ಸೌದೆ ರಾಶಿ, ಡ್ರಮ್ಮು ಇದ್ದರೆ ಸರಿಸಿ. ಕೆಂಬೂತ, ಮಟಪಕ್ಷಿ ಸುಳಿದಾಡಿದರೆ ಮಡಿವಾಳವೇ ಗಲಾಟೆ ಮಾಡುತ್ತದೆ, ನೀವು ಓಡಿಹೋಗಬೇಕಿಲ್ಲ. ಮರಿ ಹಾರಿದ ಮೇಲೆ ಒಂದು ವಾರ ಬಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಳೆ ಗೂಡು ತೆಗೆಯಿರಿ. ಒಳಗೆ ಕುದಿಯುವ ನೀರು ಸುರಿದು ಬಿಸಿಲಿಗೆ ಒಣಗಿಸಿ. ಫಿನೈಲ್ ಬೇಡ. ಒಣಗಿದ ತಕ್ಷಣ ಅದೇ ಜಾಗಕ್ಕೆ ವಾಪಸ್ ಹಾಕಿ, ಜೂನ್‌ನಲ್ಲಿ ಇನ್ನೊಂದು ಸುತ್ತು ಕೂರಬಹುದು. ಮರದ ಮೇಲಿನ ಪೆಟ್ಟಿಗೆಯನ್ನು ಮಾತ್ರ ಮಳೆ ಹಿಡಿದ ಮೇಲೆ, ಒಳಗೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಇಳಿಸಿ ಅಟ್ಟಕ್ಕೆ ಹಾಕಿ. ಡಿಸೆಂಬರ್‌ನಲ್ಲಿ ಮತ್ತೆ ಏರಿಸಿದರೆ ಸಾಕು. ಯುಗಾದಿವರೆಗೆ ಕಾಯಬೇಡಿ, ಚೇಕಡಿ ಅಷ್ಟರಲ್ಲಿ ಬೇರೆ ಕಡೆ ಜಾಗ ಹಿಡಿದಿರುತ್ತದೆ.